ಮಾತ್ರೆ ಅಗ್ಗ, ಪುರಾವೆ ದುಬಾರಿ

ಹೃದಯಾಘಾತಕ್ಕೆ ತುತ್ತಾದವರಿಗೂ ರಕ್ತನಾಳದಲ್ಲಿ ಸ್ಟೆಂಟ್ ಅಳವಡಿಸಿಕೊಂಡವರಿಗೂ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಸಣ್ಣ ಪ್ರಮಾಣದ ಆಸ್ಪಿರಿನ್, ಔಷಧ ಮಾರುಕಟ್ಟೆಯ ಅತ್ಯಂತ ಅಗ್ಗದ ಸರಕುಗಳಲ್ಲಿ ಒಂದು. ರಕ್ತ ಹೆಪ್ಪುಗಟ್ಟದಂತೆ ತಡೆದು ಅದರ ಸಂಚಾರವನ್ನು ಸುಗಮವಾಗಿಡುವುದು ಅದರ ಪರಿಚಿತ ಕೆಲಸ. ಇದೇ ಮಾತ್ರೆಯನ್ನು ಕ್ಯಾನ್ಸರ್ ಚಿಕಿತ್ಸೆಗೆ ಪೂರಕವಾಗಿ ಬಳಸಬಹುದೇ ಎಂಬ ಪ್ರಶ್ನೆಗೆ 2025ರ ಸೆಪ್ಟೆಂಬರ್‌ನಲ್ಲಿ ಒಂದು ಖಚಿತ ಉತ್ತರ ದೊರೆಯಿತು. ವೈದ್ಯಲೋಕಕ್ಕೆ ಈ ಉತ್ತರ ಎಷ್ಟು ಮುಖ್ಯವೋ, ಅದನ್ನು ಪಡೆಯಲು ತಗುಲಿದ ವೆಚ್ಚವನ್ನು ಯಾರು ಭರಿಸಿದರು ಎಂಬ ಪ್ರಶ್ನೆ ವಾಣಿಜ್ಯಲೋಕಕ್ಕೆ ಅಷ್ಟೇ ಮುಖ್ಯವಾದುದು.

ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಮತ್ತು ಫಿನ್ಲೆಂಡ್ ದೇಶಗಳ 33 ಆಸ್ಪತ್ರೆಗಳಲ್ಲಿ ನಡೆದ ‘ಅಲಾಸ್ಕಾ’ ಎಂಬ ಚಿಕಿತ್ಸಾ ಪ್ರಯೋಗದ ಫಲಿತಾಂಶ ಆ ತಿಂಗಳು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ರೋಗಿಗಳನ್ನು ತಪಾಸಣೆಗೆ ಒಳಪಡಿಸಿದಾಗ, ಅವರಲ್ಲಿ ಸುಮಾರು ಶೇಕಡ 37ರಷ್ಟು ಮಂದಿಯ ಗೆಡ್ಡೆಯಲ್ಲಿ ಒಂದು ನಿರ್ದಿಷ್ಟ ಬಗೆಯ ಜೀನ್ ಬದಲಾವಣೆ ಕಂಡುಬಂದಿತು. ಅಂಥವರ ಪೈಕಿ 626 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್, ಇನ್ನೊಂದಕ್ಕೆ ಔಷಧಾಂಶವಿಲ್ಲದ ಹುಸಿ ಮಾತ್ರೆ, ಹೀಗೆ 3 ವರ್ಷ ನೀಡಲಾಯಿತು. ಪ್ರಯೋಗದ ಮುಖ್ಯ ವಿಭಾಗದಲ್ಲಿ, ಹುಸಿ ಮಾತ್ರೆ ಪಡೆದವರ ಪೈಕಿ ಶೇಕಡ 14.1 ಮಂದಿಗೆ 3 ವರ್ಷದೊಳಗೆ ಕಾಯಿಲೆ ಮರುಕಳಿಸಿದರೆ, ಆಸ್ಪಿರಿನ್ ಪಡೆದವರಲ್ಲಿ ಆ ಪ್ರಮಾಣ ಶೇಕಡ 7.7 ಮಾತ್ರ ಇತ್ತು. ಅಂದರೆ ಮರುಕಳಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಭಾರತದ ಔಷಧ ಅಂಗಡಿಗಳಲ್ಲಿ ಈ ಪ್ರಮಾಣಕ್ಕೆ ಹತ್ತಿರವಾದ ಮಾತ್ರೆಗೆ ಒಂದು ರೂಪಾಯಿ ಎಂದು ಹಿಡಿದರೂ, 3 ವರ್ಷಕ್ಕೆ ಒಬ್ಬ ರೋಗಿಗೆ ತಗುಲುವ ವೆಚ್ಚ ಸುಮಾರು 1,100 ರೂಪಾಯಿ. ಲಕ್ಷಗಟ್ಟಲೆ ಬೆಲೆಯ ಹೊಸ ಕ್ಯಾನ್ಸರ್ ಔಷಧಗಳ ಕಾಲದಲ್ಲಿ ಇದು ನಂಬಲಾಗದಷ್ಟು ಸಣ್ಣ ಮೊತ್ತ. ಆದರೆ ಈ ಸಣ್ಣ ಮೊತ್ತವೇ ಸಮಸ್ಯೆಯ ಮೂಲ ಕೂಡ ಆಗಿದೆ.

ಹಳೆಯ ಸರಕು, ಹೊಸ ಉಪಯೋಗ

ಆಸ್ಪಿರಿನ್ ಜರ್ಮನಿಯ ಬೇಯರ್ ಕಂಪನಿಯ ಪ್ರಯೋಗಾಲಯದಲ್ಲಿ 1897ರಲ್ಲಿ ಶುದ್ಧ ರೂಪದಲ್ಲಿ ತಯಾರಾಗಿ, 1899ರಲ್ಲಿ ಆ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಆಗ ಅದು ನೋವು ಮತ್ತು ಜ್ವರದ ಔಷಧ. ಅದು ದೇಹದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬ್ರಿಟನ್ನಿನ ಜಾನ್ ವೇನ್ ಅವರು 1971ರಲ್ಲಿ ತೋರಿಸಿಕೊಟ್ಟರು. 1982ರಲ್ಲಿ ಅವರು ನೊಬೆಲ್ ಪ್ರಶಸ್ತಿಯ ಪಾಲುದಾರರಾದರು. 1988ರಲ್ಲಿ ಪ್ರಕಟವಾದ, 17,187 ಹೃದಯಾಘಾತ ರೋಗಿಗಳನ್ನು ಒಳಗೊಂಡ ‘ಐಸಿಸ್-2’ ಪ್ರಯೋಗವು, ಒಂದು ತಿಂಗಳು ಆಸ್ಪಿರಿನ್ ನೀಡಿದರೆ ಹೃದಯ ಮತ್ತು ರಕ್ತನಾಳ ಸಂಬಂಧಿ ಸಾವು ಶೇಕಡ 23ರಷ್ಟು ಇಳಿಯುತ್ತದೆಂದು ನಿರೂಪಿಸಿತು. ನೋವಿನ ಮಾತ್ರೆ ರಕ್ತಸಂಚಾರದ ಮಾತ್ರೆಯಾಗಿ ಸ್ಥಿರಗೊಂಡದ್ದು ಇಂಥ ಪ್ರಯೋಗಗಳಿಂದ. ಸರಕು ಅದೇ, ಬದಲಾದದ್ದು ಅದರ ಬಗೆಗಿನ ತಿಳಿವಳಿಕೆ ಮಾತ್ರ.

ಕ್ಯಾನ್ಸರ್ ವಿಷಯದಲ್ಲಿಯೂ ಇದೇ ದಾರಿ. ವಂಶಪಾರಂಪರ್ಯವಾಗಿ ಕರುಳಿನ ಕ್ಯಾನ್ಸರ್ ತಗುಲುವ ಸಂಭವ ಹೆಚ್ಚಿರುವ ‘ಲಿಂಚ್ ಸಿಂಡ್ರೋಮ್’ ಇರುವ 861 ಮಂದಿಯ ಮೇಲೆ ಬ್ರಿಟನ್ನಿನ ಜಾನ್ ಬರ್ನ್ ಅವರ ನೇತೃತ್ವದಲ್ಲಿ ನಡೆದ ಪ್ರಯೋಗದ ದೀರ್ಘಾವಧಿ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಹುಸಿ ಮಾತ್ರೆ ಪಡೆದವರಲ್ಲಿ ಶೇಕಡ 13 ಮಂದಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಆಸ್ಪಿರಿನ್ ಪಡೆದವರಲ್ಲಿ ಶೇಕಡ 9 ಮಂದಿಗೆ ಬಂದಿತ್ತು. ಇದಕ್ಕೆ ಕಾರಣವೇನೆಂಬ ಶೋಧವೂ ಮುಂದುವರಿದಿದೆ. ರಕ್ತದ ಪ್ಲೇಟ್‌ಲೆಟ್‌ಗಳು ಬಿಡುಗಡೆ ಮಾಡುವ ‘ಥ್ರಾಂಬಾಕ್ಸೇನ್’ ಎಂಬ ವಸ್ತುವು, ದೇಹದಲ್ಲಿ ಹರಡುವ ಕ್ಯಾನ್ಸರ್ ಕಣಗಳನ್ನು ನಾಶಮಾಡಬೇಕಾದ ರಕ್ಷಣಾ ಕಣಗಳನ್ನೇ ಮಂಕಾಗಿಸುತ್ತದೆಂದೂ, ಆಸ್ಪಿರಿನ್ ಈ ವಸ್ತುವಿನ ಉತ್ಪತ್ತಿಯನ್ನು ತಗ್ಗಿಸಿ ಆ ಕಣಗಳಿಗೆ ಮತ್ತೆ ಚೈತನ್ಯ ಕೊಡುತ್ತದೆಂದೂ ಕೇಂಬ್ರಿಜ್ ವಿಶ್ವವಿದ್ಯಾಲಯದ ತಂಡವು 2025ರ ಮಾರ್ಚ್‌ನಲ್ಲಿ ಇಲಿಗಳ ಮೇಲಿನ ಅಧ್ಯಯನದಿಂದ ತೋರಿಸಿತು. ಹೆಪ್ಪುಗಟ್ಟುವಿಕೆಯನ್ನು ತಡೆಯುವ ಗುಣವೂ ಕ್ಯಾನ್ಸರ್ ಹರಡುವಿಕೆಯನ್ನು ತಡೆಯುವ ಗುಣವೂ ಒಂದೇ ಬೇರಿನವು ಎಂಬುದು ಇದರ ಸಾರ.

ಎಲ್ಲ ಪ್ರಯೋಗವೂ ಲಾಭ ತೋರುವುದಿಲ್ಲ

ಇಷ್ಟು ಓದಿದವರು ಕ್ಯಾನ್ಸರ್ ರೋಗಿಗಳೆಲ್ಲರೂ ಆಸ್ಪಿರಿನ್ ಸೇವಿಸಬಾರದೇಕೆ ಎಂದು ಕೇಳಬಹುದು. ಉತ್ತರ ಲೆಕ್ಕಪತ್ರದಷ್ಟೇ ನಿಷ್ಠುರವಾಗಿದೆ. ಅಮೆರಿಕದಲ್ಲಿ 3,020 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2024ರಲ್ಲಿ ಫಲಿತಾಂಶ ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ 300 ಮಿಲಿಗ್ರಾಂ ಆಸ್ಪಿರಿನ್‌ನಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಅದನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಆಸ್ಟ್ರೇಲಿಯ ಮತ್ತು ಅಮೆರಿಕದ 19,114 ಆರೋಗ್ಯವಂತ ವೃದ್ಧರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ಆಸ್‌ಪ್ರೀ’ ಪ್ರಯೋಗದಲ್ಲಿ, ಆಸ್ಪಿರಿನ್ ಪಡೆದವರಲ್ಲಿ ತೀವ್ರ ರಕ್ತಸ್ರಾವ ಹೆಚ್ಚಾಗಿತ್ತು. ಕ್ಯಾನ್ಸರ್‌ನಿಂದಾದ ಸಾವುಗಳೂ ಹೆಚ್ಚಾಗಿದ್ದವು. ಯಶಸ್ವಿಯಾದ ಅಲಾಸ್ಕಾ ಪ್ರಯೋಗದಲ್ಲಿಯೂ ಗಂಭೀರ ಪ್ರತಿಕೂಲ ಘಟನೆಗಳು ಹುಸಿ ಮಾತ್ರೆಯವರಲ್ಲಿ ಶೇಕಡ 11.6 ಇದ್ದರೆ, ಆಸ್ಪಿರಿನ್ ಪಡೆದವರಲ್ಲಿ ಶೇಕಡ 16.8 ಇದ್ದವು.

ಒಂದು ಬಗೆಯ ರೋಗಿಗೆ ವರವಾದ ಮಾತ್ರೆ ಇನ್ನೊಂದು ಬಗೆಯವರಿಗೆ ನಿಷ್ಪ್ರಯೋಜಕ, ಮತ್ತೊಬ್ಬರಿಗೆ ಅಪಾಯಕರ. ಯಾರಿಗೆ ಯಾವುದು ಎಂಬುದನ್ನು ತಿಳಿಸುವುದು ದೊಡ್ಡ ಪ್ರಮಾಣದ, ಶಿಸ್ತಿನ ಪ್ರಯೋಗವೊಂದೇ. ಆದ್ದರಿಂದ ಇಲ್ಲಿ ಬೆಲೆಬಾಳುವ ವಸ್ತು ಮಾತ್ರೆಯಲ್ಲ, ಪುರಾವೆ. ಮಾತ್ರೆ ತಯಾರಿಸಬಲ್ಲವರು ನೂರಾರು ಮಂದಿ ಇದ್ದಾರೆ. ಪುರಾವೆಗೆ ಹಣ ಹೂಡುವವರು ಬೆರಳೆಣಿಕೆಯಷ್ಟು.

ಲೆಕ್ಕ ಕೂಡದ ವ್ಯವಹಾರ

ಇದರ ಕಾರಣವನ್ನು ಯಾವ ವರ್ತಕನಿಗೂ ವಿವರಿಸಿ ಹೇಳಬೇಕಾಗಿಲ್ಲ. ಕೇವಲ ಲೆಕ್ಕಕ್ಕಾಗಿ, ಒಂದು ಪ್ರಯೋಗಕ್ಕೆ 50 ಕೋಟಿ ರೂಪಾಯಿ ತಗುಲುತ್ತದೆಂದೂ, ಮಾತ್ರೆಯೊಂದಕ್ಕೆ ತಯಾರಕನಿಗೆ 10 ಪೈಸೆ ಲಾಭ ಉಳಿಯುತ್ತದೆಂದೂ ಇಟ್ಟುಕೊಳ್ಳೋಣ. ದಿನಕ್ಕೊಂದರಂತೆ 3 ವರ್ಷಕ್ಕೆ ಒಬ್ಬ ರೋಗಿ ಕೊಳ್ಳುವುದು 1,095 ಮಾತ್ರೆ. ಅದರಿಂದ ಬರುವ ಲಾಭ 109 ರೂಪಾಯಿ 50 ಪೈಸೆ. ಹೂಡಿದ ಅಸಲು ಹಿಂದಿರುಗಬೇಕಾದರೆ 45 ಲಕ್ಷಕ್ಕೂ ಹೆಚ್ಚು ರೋಗಿಗಳು ಅದೇ ಕಂಪನಿಯ ಮಾತ್ರೆಯನ್ನೇ ಕೊಳ್ಳಬೇಕು. ಭಾರತದಲ್ಲಿ 2022ರಲ್ಲಿ ಎಲ್ಲ ಬಗೆಯ ಕ್ಯಾನ್ಸರ್‌ಗಳನ್ನು ಸೇರಿಸಿ ಅಂದಾಜಿಸಲಾದ ಹೊಸ ಪ್ರಕರಣಗಳೇ ಸುಮಾರು 14 ಲಕ್ಷ. ಬಡ್ಡಿಯ ಮಾತು ಹಾಗಿರಲಿ, ಅಸಲೇ ಮುಳುಗುವ ವ್ಯವಹಾರವಿದು.

ಇದಕ್ಕಿಂತ ಮುಖ್ಯವಾದ ಅಡಚಣೆ ಇನ್ನೊಂದಿದೆ. ಒಂದು ಕಂಪನಿ ಧೈರ್ಯಮಾಡಿ ಹಣ ಹೂಡಿ ಪುರಾವೆ ಒದಗಿಸಿದ ಮರುದಿನವೇ, ಒಂದು ಪೈಸೆ ಖರ್ಚುಮಾಡದ ಪ್ರತಿಸ್ಪರ್ಧಿಯ ಮಾತ್ರೆಗೂ ಅದೇ ಬೇಡಿಕೆ ಬರುತ್ತದೆ. ವೈದ್ಯರು ಬರೆಯುವುದು ಆಸ್ಪಿರಿನ್. ಅಂಗಡಿಯವರು ಕೊಡುವುದು ಕೈಗೆ ಸಿಕ್ಕ ತಯಾರಕರ ಆಸ್ಪಿರಿನ್. ‘ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ’ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಎಲ್ಲರಿಗೂ ಪ್ರಯೋಜನ ತರುವ ಆದರೆ ಯಾರ ಆಸ್ತಿ-ಹೊಣೆ ಪಟ್ಟಿಯಲ್ಲಿಯೂ ಆಸ್ತಿಯಾಗಿ ನಿಲ್ಲದ ವಸ್ತುವಿಗೆ ಖಾಸಗಿ ಬಂಡವಾಳ ತಾನಾಗಿ ಹರಿದು ಬರುವುದಿಲ್ಲ. ಇದು ಔಷಧ ಕಂಪನಿಗಳ ದುರುಳತನವಲ್ಲ; ಮಾರುಕಟ್ಟೆಯ ಸ್ವಭಾವ.

ಏಕಸ್ವಾಮ್ಯ ದೊರೆತಾಗ ಇದೇ ಬಂಡವಾಳ ಹೇಗೆ ಓಡಿಬರುತ್ತದೆಂಬುದಕ್ಕೆ ರಕ್ತದೊತ್ತಡ ಮತ್ತು ಹೃದ್ರೋಗದ ಹಳೆಯ ಔಷಧವಾದ ಪ್ರೊಪ್ರನೊಲಾಲ್ ಉದಾಹರಣೆ. ಎಳೆಯ ಮಕ್ಕಳಲ್ಲಿ ಕಾಣುವ ರಕ್ತನಾಳದ ಗೆಡ್ಡೆಗಳನ್ನು (ಇವು ಕ್ಯಾನ್ಸರ್ ಅಲ್ಲ) ಅದು ಕುಗ್ಗಿಸುತ್ತದೆಂಬುದು ಫ್ರಾನ್ಸಿನ ಬೋರ್ಡೊ ನಗರದ ವೈದ್ಯರ ಗಮನಕ್ಕೆ ಆಕಸ್ಮಿಕವಾಗಿ ಬಂದು 2008ರಲ್ಲಿ ಪ್ರಕಟವಾಯಿತು. ಮಕ್ಕಳಿಗೆ ಕುಡಿಸುವ ದ್ರಾವಣವಾಗಿ ರೂಪಿಸಿ, ಅಮೆರಿಕದಲ್ಲಿ ವಿರಳ ರೋಗದ ಔಷಧವೆಂಬ ವಿಶೇಷ ರಕ್ಷಣೆ ಪಡೆಯಲು ಅಲ್ಲಿ ಅವಕಾಶವಿತ್ತು. ಫ್ರಾನ್ಸಿನ ಕಂಪನಿಯೊಂದು ಮುಂದೆ ಬಂದು ಪ್ರಯೋಗ ನಡೆಸಿತು. 2014ರಲ್ಲಿ ಅಮೆರಿಕದ ಅನುಮೋದನೆ ದೊರೆಯಿತು. ಆಸ್ಪಿರಿನ್‌ನಂಥ ಮಾತ್ರೆಗೆ ಹೊಸ ರೂಪವೂ ಇಲ್ಲ, ವಿಶೇಷ ರಕ್ಷಣೆಯೂ ಇಲ್ಲ. ಹಾಗಾಗಿ ಅಲಾಸ್ಕಾ ಪ್ರಯೋಗಕ್ಕೆ ಸ್ವೀಡನ್ನಿನ ಸಂಶೋಧನಾ ಮಂಡಳಿ ಮತ್ತು ಕ್ಯಾನ್ಸರ್ ಸೊಸೈಟಿಯಂಥ ಸಂಸ್ಥೆಗಳ ಹಣವೇ ಆಧಾರವಾಯಿತು. ಸ್ತನ, ಕರುಳು, ಜಠರ-ಅನ್ನನಾಳ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್‌ಗಳಿಗೆ ಸಂಬಂಧಿಸಿ ಸುಮಾರು 11,000 ರೋಗಿಗಳನ್ನು ಸೇರಿಸಿಕೊಳ್ಳುವ ಗುರಿಯೊಡನೆ 2015ರಲ್ಲಿ ಆರಂಭವಾದ ‘ಆ್ಯಡ್-ಆಸ್ಪಿರಿನ್’ ಪ್ರಯೋಗಕ್ಕೂ ಬ್ರಿಟನ್ನಿನ ದತ್ತಿ ಸಂಸ್ಥೆ ಮತ್ತು ಸರ್ಕಾರದ ಸಂಶೋಧನಾ ನಿಧಿಯೇ ಆಸರೆ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ಮುಂದಾಳತ್ವದಲ್ಲಿ ಭಾರತವೂ ಈ ಪ್ರಯೋಗದಲ್ಲಿ ಪಾಲ್ಗೊಂಡಿರುವುದು ಹೆಮ್ಮೆಯ ಸಂಗತಿ.

ಭಾರತದ ಕಾನೂನು ಎಲ್ಲಿ ನಿಂತಿದೆ?

ಭಾರತದ ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಪ್ರಕಾರ, ಈಗಾಗಲೇ ತಿಳಿದಿರುವ ವಸ್ತುವಿಗೆ ಹೊಸ ಉಪಯೋಗ ಕಂಡುಹಿಡಿದ ಮಾತ್ರಕ್ಕೆ ಪೇಟೆಂಟ್ ದೊರೆಯುವುದಿಲ್ಲ. ಇದು ಸರಿಯಾದ ನಿಲುವು. ಹೊಸ ಉಪಯೋಗದ ನೆಪದಲ್ಲಿ ಹಳೆಯ ಮಾತ್ರೆಯ ಮೇಲೆ ಮತ್ತೆ ಏಕಸ್ವಾಮ್ಯ ಕೊಟ್ಟರೆ, ಒಂದು ರೂಪಾಯಿಯ ಔಷಧ ನೂರು ರೂಪಾಯಿಯಾಗಲು ತಡವಾಗದು. ಆದರೆ ಪೇಟೆಂಟಿನ ಬಾಗಿಲನ್ನು ಮುಚ್ಚಿದ ಶಾಸನವು, ಪುರಾವೆಯ ವೆಚ್ಚಕ್ಕೆ ಬೇರೆ ಬಾಗಿಲನ್ನು ತೆರೆಯಬೇಕಾಗಿತ್ತು. ಆ ಕೆಲಸ ಅರ್ಧಕ್ಕೆ ನಿಂತಿದೆ.

2019ರ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳ ಪ್ರಕಾರ, ಅನುಮೋದಿತ ಔಷಧವೊಂದನ್ನು ಹೊಸ ಕಾಯಿಲೆಗೆಂದು ಮಾರಬೇಕಾದರೆ ಅದನ್ನು ‘ಹೊಸ ಔಷಧ’ವೆಂದೇ ಪರಿಗಣಿಸಲಾಗುತ್ತದೆ. ಅದೇ ನಿಯಮಗಳಲ್ಲಿ ‘ಶೈಕ್ಷಣಿಕ ಚಿಕಿತ್ಸಾ ಪ್ರಯೋಗ’ ಎಂಬ ಸರಳ ಮಾರ್ಗವೊಂದಿದೆ. ಆಸ್ಪತ್ರೆ ಅಥವಾ ಸಂಶೋಧನಾ ಸಂಸ್ಥೆಯೊಂದು ಹಳೆಯ ಔಷಧದ ಹೊಸ ಉಪಯೋಗವನ್ನು ಪರೀಕ್ಷಿಸಲು ನೈತಿಕ ಸಮಿತಿಯ ಒಪ್ಪಿಗೆ ಪಡೆದರೆ, ಕೇಂದ್ರ ಪ್ರಾಧಿಕಾರದ ಪ್ರತ್ಯೇಕ ಅನುಮತಿ ಬೇಕಾಗದು. ಇದು ಸ್ವಾಗತಾರ್ಹ. ಆದರೆ ಅಂಥ ಪ್ರಯೋಗದ ಫಲಿತಾಂಶ ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ ಸೀಮಿತವಾದುದು. ಅದನ್ನು ಮಾರಾಟದ ಅನುಮೋದನೆ ಪಡೆಯುವ ಉದ್ದೇಶದಿಂದ ನಡೆಸುವಂತಿಲ್ಲ. ಸಾರ್ವಜನಿಕ ಹಣದಿಂದ ಪುರಾವೆ ಸಿದ್ಧವಾದರೂ ಅದು ಔಷಧದ ಚೀಟಿಯ ಮೇಲೆ ಅಧಿಕೃತವಾಗಿ ಏರಲು ಇನ್ನೊಂದು ಸುತ್ತಿನ ವೆಚ್ಚ ಬೇಕು. ಆ ವೆಚ್ಚ ಮಾಡುವ ಲಾಭಾಕಾಂಕ್ಷಿ ಯಾರೂ ಇಲ್ಲ.

ಇದಕ್ಕೆ ಪರಿಹಾರ ಅಸಾಧ್ಯವೇನಲ್ಲ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು ಹಳೆಯ ಔಷಧಗಳ ಮರುಬಳಕೆಗೆಂದೇ ಒಂದು ಕಾರ್ಯಕ್ರಮ ರೂಪಿಸಿದೆ. ಅದರಡಿ, ಸ್ತನ ಕ್ಯಾನ್ಸರ್ ಚಿಕಿತ್ಸೆಯ ಹಳೆಯ ಮಾತ್ರೆಯಾದ ಅನಾಸ್ಟ್ರೊಜೋಲ್‌ಗೆ, ಆ ಕಾಯಿಲೆಯನ್ನು ಮುಂಚಿತವಾಗಿ ತಡೆಯುವ ಔಷಧವೆಂಬ ಹೊಸ ಪರವಾನಗಿ 2023ರ ನವೆಂಬರ್‌ನಲ್ಲಿ ದೊರೆಯಿತು. ಲಾಭದ ಉದ್ದೇಶವಿಲ್ಲದೆ ಆ ಅರ್ಜಿಯನ್ನು ಸಲ್ಲಿಸಿದ್ದು ಅಕಾರ್ಡ್ ಹೆಲ್ತ್‌ಕೇರ್. ಅದು ಅಹಮದಾಬಾದಿನ ಇಂಟಾಸ್ ಕಂಪನಿಯ ಅಂಗಸಂಸ್ಥೆ. ಭಾರತೀಯ ಮೂಲದ ತಯಾರಕರು ಬ್ರಿಟನ್ನಿನಲ್ಲಿ ಮಾಡಿದ್ದನ್ನು ಭಾರತದಲ್ಲಿಯೂ ಮಾಡಬಹುದಾದ ವ್ಯವಸ್ಥೆ ಇರಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ.

ಹಣದ ಮೂಲ

ವೆಚ್ಚಕ್ಕೆ ಒಂದು ಮೂಲ ಈಗಾಗಲೇ ಇದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ, ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕಾರ್ಯಗಳಿಗೆ ವಿನಿಯೋಗಿಸಬೇಕು. ಕಾಯ್ದೆಯ 7ನೆಯ ಅನುಸೂಚಿಯಲ್ಲಿ, ಸರ್ಕಾರದ ನೆರವಿನ ವೈದ್ಯಕೀಯ ಸಂಶೋಧನಾ ಯೋಜನೆಗಳಿಗೂ, ಪರಮಾಣು ಇಂಧನ ಇಲಾಖೆಯಂಥ ಇಲಾಖೆಗಳ ಅಧೀನದ ಸ್ವಾಯತ್ತ ಸಂಸ್ಥೆಗಳಿಗೂ ನೀಡುವ ವಂತಿಗೆ ಸೇರಿದೆ. ಟಾಟಾ ಸ್ಮಾರಕ ಕೇಂದ್ರ ಇದೇ ಇಲಾಖೆಯ ಅಧೀನದಲ್ಲಿದೆ. ಅದರ ಆಶ್ರಯದಲ್ಲಿ 2012ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ದೇಶದ ಆಸ್ಪತ್ರೆಗಳನ್ನು ಒಂದೇ ಜಾಲದಲ್ಲಿ ಬೆಸೆದಿದೆ. ಪ್ರಯೋಗ ನಡೆಸಬಲ್ಲ ಆಸ್ಪತ್ರೆಗಳೂ ಇವೆ, ಹಣ ಸಲ್ಲಿಸಬಹುದಾದ ಮಾರ್ಗವೂ ಇದೆ. ಎರಡನ್ನೂ ಜೋಡಿಸುವ ಆಸಕ್ತಿ ಮಾತ್ರ ವಿರಳ. ಶಾಲೆಯ ಕಟ್ಟಡಕ್ಕೆ, ಬಸ್ ತಂಗುದಾಣಕ್ಕೆ ಹೆಸರು ಕೆತ್ತಿಸಿದ ಫಲಕ ಹಾಕಬಹುದು. ಪ್ರಯೋಗದ ಫಲಿತಾಂಶಕ್ಕೆ ಫಲಕ ಹಾಕಲಾಗದು.

ಇದರ ಜೊತೆಗೆ, ತೆರಿಗೆಯ ಪ್ರೋತ್ಸಾಹವೂ ಕುಗ್ಗಿದೆ. ಮಾನ್ಯತೆ ಪಡೆದ ವೈಜ್ಞಾನಿಕ ಸಂಶೋಧನಾ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಒಂದು ಕಾಲದಲ್ಲಿ ಶೇಕಡ 175ರಷ್ಟು ಕಡಿತ ದೊರೆಯುತ್ತಿತ್ತು. ಅದು ಶೇಕಡ 150ಕ್ಕೆ ಇಳಿದು, 2020ರ ಏಪ್ರಿಲ್ 1ರಿಂದ ಕೊಟ್ಟಷ್ಟಕ್ಕೆ ಮಾತ್ರ ಸೀಮಿತವಾಯಿತು. ಹೆಚ್ಚುವರಿ ಕಡಿತದ ದುರುಪಯೋಗ ನಡೆದದ್ದು ನಿಜ. ಆದರೆ ಸೋರುವ ಪಾತ್ರೆಗೆ ಬೆಸುಗೆ ಹಾಕಬೇಕೇ ಹೊರತು ಪಾತ್ರೆಯನ್ನೇ ಎಸೆಯಬಾರದು. ಪೇಟೆಂಟ್ ಮುಗಿದ ಔಷಧಗಳ ಪ್ರಯೋಗಕ್ಕೆ ಸೀಮಿತವಾಗಿ, ಕಟ್ಟುನಿಟ್ಟಾದ ಲೆಕ್ಕ ತಪಾಸಣೆಯೊಡನೆ ಈ ಪ್ರೋತ್ಸಾಹವನ್ನು ಮರಳಿ ತರುವ ಬಗ್ಗೆ ವಿತ್ತ ಸಚಿವಾಲಯ ಯೋಚಿಸಬೇಕು.

ಇದು ಸರ್ಕಾರದ ಕೆಲಸ, ಬಟ್ಟೆ ಅಂಗಡಿಯವರಿಗೂ ಬಿಡಿಭಾಗ ತಯಾರಕರಿಗೂ ಇದರಲ್ಲಿ ಏನು ಪಾತ್ರ ಎಂಬ ಆಕ್ಷೇಪ ಸಹಜ. ಸರ್ಕಾರದ ಪಾಲು ದೊಡ್ಡದೆಂಬುದು ನಿಜವೇ. ಆದರೆ ಕಾಯಿಲೆಯ ವೆಚ್ಚ ಸರ್ಕಾರದ ಖಾತೆಯಲ್ಲಷ್ಟೇ ಬೀಳುವುದಿಲ್ಲ. ಸಣ್ಣ ಉದ್ದಿಮೆಯಲ್ಲಿ ಯಜಮಾನನೇ ವ್ಯವಸ್ಥಾಪಕ, ಯಜಮಾನನೇ ಮಾರಾಟಗಾರ. ಅವನಿಗೋ ಅವನ ನುರಿತ ಕೆಲಸಗಾರನಿಗೋ ಕ್ಯಾನ್ಸರ್ ಮರುಕಳಿಸಿದರೆ, ಚಿಕಿತ್ಸೆಗೆ ಹೋಗುವುದು ಅಂಗಡಿಯ ದುಡಿಯುವ ಬಂಡವಾಳ. ಮೊದಲ ಸಲದ ಚಿಕಿತ್ಸೆಗೆ ಸಾಲ ಎತ್ತಿದ ಮನೆಗೆ ಎರಡನೆಯ ಸಲ ಸಾಲ ಹುಟ್ಟುವುದಿಲ್ಲ. ಮರುಕಳಿಕೆಯನ್ನು ತಡೆಯಬಲ್ಲ ಅಗ್ಗದ ಉಪಾಯವೊಂದು ಪುರಾವೆ ಸಾಲದೆಂಬ ಕಾರಣಕ್ಕೆ ಮೂಲೆಗೆ ಬಿದ್ದಿದ್ದರೆ, ಆ ನಷ್ಟದಲ್ಲಿ ವ್ಯಾಪಾರಿ ವರ್ಗಕ್ಕೂ ಪಾಲಿದೆ.

ಒಬ್ಬರಿಂದ ಆಗದ, ಆದರೆ ಎಲ್ಲರಿಗೂ ಬೇಕಾದ ಕೆಲಸವನ್ನು ವಂತಿಗೆ ಹಾಕಿ ಮಾಡುವುದು ವರ್ತಕರಿಗೆ ಹೊಸದಲ್ಲ. ಕೈಗಾರಿಕಾ ವಸಾಹತುಗಳಲ್ಲಿ ಸಾಮೂಹಿಕ ತ್ಯಾಜ್ಯಜಲ ಘಟಕ ಕಟ್ಟಿಕೊಂಡದ್ದು ಇದೇ ತತ್ವದ ಮೇಲೆ. ವಾಣಿಜ್ಯ ಮಂಡಳಿಗಳು ಹುಟ್ಟಿದ್ದೂ ಇದೇ ತತ್ವದ ಮೇಲೆ. ಸದಸ್ಯತ್ವ ಶುಲ್ಕ ಕೊಡದವನಿಗೂ ಮಂಡಳಿಯ ಹೋರಾಟದ ಫಲ ಸಿಗುತ್ತದೆಂದು ಯಾವ ಸದಸ್ಯನೂ ಶುಲ್ಕ ನಿಲ್ಲಿಸಿಲ್ಲ.

ಮಾರುಕಟ್ಟೆಯ ಶಿಸ್ತು

ಈ ವಿಷಯದಲ್ಲಿ ತಯಾರಕರು ಮತ್ತು ಔಷಧ ವ್ಯಾಪಾರಿಗಳು ಪಾಲಿಸಬೇಕಾದ ಎಚ್ಚರವೂ ಇದೆ. ಇಂಥ ಫಲಿತಾಂಶದ ಸುದ್ದಿ ಹಬ್ಬಿದಾಗ ‘ಕ್ಯಾನ್ಸರ್‌ಗೂ ಒಳ್ಳೆಯದಂತೆ’ ಎಂದು ಮಾತ್ರೆ ಕೇಳಿ ಬರುವವರು ಇರುತ್ತಾರೆ. ಕ್ಯಾನ್ಸರ್ ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ನಿಷೇಧಿಸಿದೆ. ಕಾಯ್ದೆಯ ಭಯಕ್ಕಿಂತ ಮಿಗಿಲಾಗಿ, ಆಸ್ಪಿರಿನ್ ಹೊಟ್ಟೆಯಲ್ಲಿ ರಕ್ತಸ್ರಾವ ಉಂಟುಮಾಡಬಲ್ಲ ಔಷಧ ಎಂಬುದು ನೆನಪಿರಬೇಕು. ಪುರಾವೆ ದೊರೆತಿರುವುದು ನಿರ್ದಿಷ್ಟ ಜೀನ್ ಬದಲಾವಣೆಯುಳ್ಳ, ಶಸ್ತ್ರಚಿಕಿತ್ಸೆಯಾದ ಕರುಳಿನ ಕ್ಯಾನ್ಸರ್ ರೋಗಿಗಳಿಗೆ. ಗೆಡ್ಡೆಯ ಪರೀಕ್ಷೆ ಮಾಡಿಸಿ ತೀರ್ಮಾನಿಸಬೇಕಾದವರು ತಜ್ಞ ವೈದ್ಯರು. ಗಲ್ಲಾಪೆಟ್ಟಿಗೆಯ ಮುಂದೆ ಕೊಡುವ ಸಲಹೆ ಅದಕ್ಕೆ ಬದಲಿಯಾಗದು.

ವಾಣಿಜ್ಯ ಮಂಡಳಿಗಳು ಮಾಡಬಹುದಾದ ಕೆಲಸಗಳು ಸ್ಪಷ್ಟವಾಗಿವೆ. ಮೊದಲನೆಯದಾಗಿ, ಸಾರ್ವಜನಿಕ ಹಣದಿಂದ ಶಿಸ್ತಾಗಿ ನಡೆದ ಶೈಕ್ಷಣಿಕ ಪ್ರಯೋಗದ ಫಲಿತಾಂಶವನ್ನು ಅನುಮೋದನೆಗೆ ಪರಿಗಣಿಸುವಂತೆ 2019ರ ನಿಯಮಗಳನ್ನು ತಿದ್ದಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಮನವಿ ಸಲ್ಲಿಸುವುದು. ಎರಡನೆಯದಾಗಿ, ಒಬ್ಬ ತಯಾರಕ ಹೊಸ ಉಪಯೋಗದ ಅನುಮೋದನೆ ಪಡೆದರೆ ಅದರ ವೆಚ್ಚವನ್ನು ಆ ಮಾತ್ರೆ ಮಾರುವ ಎಲ್ಲರೂ ವಹಿವಾಟಿನ ಪ್ರಮಾಣದಲ್ಲಿ ಹಂಚಿಕೊಳ್ಳುವ ಏರ್ಪಾಡನ್ನು ಔಷಧ ತಯಾರಕರ ಸಂಘಗಳ ಮುಂದಿಡುವುದು. ಮೂರನೆಯದಾಗಿ, ಸಾಮಾಜಿಕ ಹೊಣೆಗಾರಿಕೆಯ ಮಿತಿಗೆ ಒಳಪಡುವ ಸದಸ್ಯ ಕಂಪನಿಗಳ ನಿರ್ದೇಶಕ ಮಂಡಳಿಗಳಿಗೆ ವಾರ್ಷಿಕ ಯೋಜನೆ ಸಿದ್ಧವಾಗುವ ಮುನ್ನವೇ ಈ ಬಾಬನ್ನು ಸೂಚಿಸುವುದು. ಇದರಲ್ಲಿ ಯಾವುದಕ್ಕೂ ಹೊಸ ಕಾರ್ಖಾನೆ ಬೇಡ, ಹೊಸ ಶೋಧ ಬೇಡ. ಔಷಧ ತಯಾರಾಗಿ ನೂರ ಇಪ್ಪತ್ತೈದು ವರ್ಷಗಳೇ ಕಳೆದಿವೆ. ಬಾಕಿ ಇರುವುದು ಖರ್ಚಿನ ಬಾಬಿಗೆ ಒಂದು ಖಾತೆ ತೆರೆಯುವುದಷ್ಟೆ.